ಗಣಕದ ರೋಜುಕಿರ್ದಿ

ಅಂಗಡಿಗೆ ರೋಜುಕಿರ್ದಿ ಎಷ್ಟು ಮುಖ್ಯವೋ ಗಣಕದ ಕ್ರಮವಿಧಿಗೆ ‘ಲಾಗ್’ ಅಷ್ಟೇ ಮುಖ್ಯ. ಯಾವ ಗಳಿಗೆಯಲ್ಲಿ ಏನು ನಡೆಯಿತು, ಎಲ್ಲಿ ತಪ್ಪಿತು ಎಂಬುದನ್ನು ಕ್ರಮವಿಧಿಯೇ ಬರೆದಿಡುವ ದಿನವಹಿ ಅದು. ಹಡಗಿನ ವೇಗವನ್ನಳೆಯಲು ನಾವಿಕರು ನೀರಿಗೆಸೆಯುತ್ತಿದ್ದ ಮರದ ತುಂಡಿನಿಂದ ಆ ಹೆಸರು ಬಂದಿತು.

ಹೊಸೂರಿನಿಂದ ಗಡಿ ದಾಟಿ ಬೆಂಗಳೂರಿನ ಕಚೇರಿಗಳಿಗೆ ಹೋಗಿಬರುವ ನಮ್ಮಂಥವರಿಗೆ ಈ ವಿಷಯ ಪರಕೀಯವಲ್ಲ. ನಮ್ಮ ಸಂಸ್ಥೆಯಲ್ಲಿ ಜಾವಾ ಭಾಷೆಯ ಯೋಜನೆಗಳು ಆರು. ತಂಡಕ್ಕೊಂದು ಬಗೆಯ ಲಾಗ್ ಸಾಧನ. ಒಂದು ವಹಿಯಲ್ಲಿ ಭಾರತದ ವೇಳೆ, ಇನ್ನೊಂದರಲ್ಲಿ ಗ್ರೀನಿಚ್ ವೇಳೆ. ಒಮ್ಮೆ ಗಿರಾಕಿಯೊಬ್ಬರ ಹಣ ಎರಡು ಸಲ ಕಡಿತವಾಯಿತು. ರಾತ್ರಿ ಪಾಳಿಯ ತರುಣನ ಮೇಲೆ ಎಲ್ಲರಿಗೂ ಸಂದೇಹ. ಎರಡೂ ವಹಿಗಳನ್ನು ತಾಳೆಹಾಕಿ ಅವನು ನಿರ್ದೋಷಿಯೆಂದು ಕಾಣುವ ವೇಳೆಗೆ ಮೂರು ದಿನಗಳಾಗಿದ್ದವು. ಆ ಮೂರು ದಿನ ಅವನು ಸರಿಯಾಗಿ ಊಟ ಮಾಡಿರಲಿಲ್ಲ.

ಆದಕಾರಣ ಎಲ್ಲರಿಗೂ ಒಂದೇ ಸಾಧನವನ್ನು ಆರಿಸಲು ಕುಳಿತೆವು. ಹಳೆಯ ಲಾಗ್‌ಫೋರ್‌ಜೆಯ ಮೊದಲ ಆವೃತ್ತಿಗೆ 2015ರಲ್ಲೇ ಪೋಷಣೆ ನಿಂತಿದೆ, ಅದನ್ನು ಬಿಡಲೇಬೇಕಿತ್ತು. ಅದರ ಎರಡನೆಯ ಆವೃತ್ತಿ ವೇಗಶಾಲಿ. ಆದರೆ 2021ರ ಡಿಸೆಂಬರಿನಲ್ಲಿ ಅದರೊಳಗಿನ ದೋಷವೊಂದು ಬಯಲಾಗಿ, ಹತ್ತಕ್ಕೆ ಹತ್ತು ಅಂಕದ ಅಪಾಯವೆಂದು ಗಣನೆಯಾಯಿತು. ಹೊರಗಿನವರು ಕಳುಹಿಸಿದ ಒಂದು ಸಾಲನ್ನು ಬರೆದುಕೊಳ್ಳುವಾಗ ಅದು ಆ ಸಾಲಿನ ಆಣತಿಯನ್ನೇ ಪಾಲಿಸಿ, ಪರಸ್ಥಳದ ಗಣಕದಿಂದ ಸಂಕೇತವನ್ನು ತಂದು ನಡೆಸಿಬಿಡುತ್ತಿತ್ತು. ಹೇಳಿದ್ದನ್ನು ಬರೆಯಬೇಕಾದ ಗುಮಾಸ್ತನು ಹೇಳಿದವನಿಗೆ ಖಜಾನೆಯ ಬೀಗದ ಕೈಯನ್ನೇ ಕೊಟ್ಟಂತೆ! ದೋಷವೇನೋ ಬಳಿಕ ಸರಿಪಟ್ಟಿತು. ಆದರೂ, ಆಗ ತಂಡತಂಡದ ಕಡತಗಳಲ್ಲಿ ಅದೆಲ್ಲಿ ಅಡಗಿದೆಯೆಂದು ಹುಡುಕಿದ ಶ್ರಮವನ್ನು ನಾವು ಮರೆಯಲಿಲ್ಲ.

ಕೊನೆಗೆ ಎಸ್‌ಎಲ್‌ಎಫ್‌ಫೋರ್‌ಜೆ ಎಂಬ ಮುಖಮಂಟಪವನ್ನೂ ಅದರ ಹಿಂದೆ ಲಾಗ್‌ಬ್ಯಾಕ್ ಸಾಧನವನ್ನೂ ಆರಿಸಿದೆವು. ನಮ್ಮ ಕ್ರಮವಿಧಿ ಮಾತನಾಡುವುದು ಮಂಟಪದೊಡನೆ ಮಾತ್ರ. ಹಿಂದಿನ ಗುಮಾಸ್ತನನ್ನು ನಾಳೆ ಬದಲಿಸಿದರೂ ಮೂಲ ಬರಹವನ್ನು ತಿದ್ದಬೇಕಿಲ್ಲ. ಸ್ಪ್ರಿಂಗ್ ಬೂಟ್ ಚೌಕಟ್ಟಿನೊಡನೆ ಲಾಗ್‌ಬ್ಯಾಕ್ ತಾನಾಗಿಯೇ ಬರುವುದರಿಂದ ನಾಲ್ಕು ತಂಡಗಳಿಗೆ ಅದರ ಪರಿಚಯವೂ ಇತ್ತು.

ಸಾಧನಕ್ಕಿಂತ ನಿಯಮ ದೊಡ್ಡದು. ಎಲ್ಲ ವಹಿಗಳಿಗೂ ಒಂದೇ ವೇಳೆ. ಪ್ರತಿಯೊಂದು ಕೋರಿಕೆಗೂ ಕೊನೆಯವರೆಗೆ ಜೊತೆಗೆ ಸಾಗುವ ಒಂದು ಸಂಖ್ಯೆ. ಗಿರಾಕಿಗಳ ಗುಪ್ತಪದವನ್ನಾಗಲಿ ಕಾರ್ಡಿನ ಅಂಕೆಗಳನ್ನಾಗಲಿ ಬರೆಯಕೂಡದು. ಎಲ್ಲವನ್ನೂ ಗೀಚುವ ವಹಿಯಲ್ಲಿ ಬೇಕಾದ ಸಾಲು ಸಿಗದು. ಏನನ್ನೂ ಬರೆಯದ ವಹಿಯಿದ್ದರೆ ಮನುಷ್ಯರ ಮೇಲೆ ಅಪವಾದ ಬರುತ್ತದೆ. ಇವೆರಡರ ನಡುವಣ ಹದವನ್ನು ಪ್ರತಿಯೊಂದು ತಂಡವೂ ದಿನದಿನದ ಕೆಲಸದಲ್ಲಿ ಕಂಡುಕೊಳ್ಳಬೇಕಾಗಿದೆ.