ಚಿತ್ತೆಯ ನೇರ ಕೆಳಗೆ

ಯುಗಾದಿ ಕಳೆದು ಹುಣ್ಣಿಮೆ ದಾಟಿತೆಂದರೆ ನನ್ನ ಮನಸ್ಸು ಹಿರಿಯೂರಿನ ಆಚೆ ಇರುವ ಅಕ್ಕನ ತೋಟದ ಕಡೆಗೆ ಎಳೆಯುತ್ತದೆ. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಇರುತ್ತಾನೆಂದೇ ಈ ತಿಂಗಳು ಚೈತ್ರ. ನನಗೆ ಬೇಕಾದದ್ದು ಆ ಚಂದ್ರ ಸವೆದು ಹೋದ ಮೇಲಿನ ರಾತ್ರಿಗಳು. ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಹನ್ನೊಂದು ಹನ್ನೆರಡರ ಹೊತ್ತಿಗೆ, ಚಿತ್ತೆ ದಕ್ಷಿಣದಲ್ಲಿ ತನ್ನ ಪೂರ್ತಿ ಎತ್ತರಕ್ಕೆ ಏರಿರುತ್ತದೆ. ಆಗ ಕೈ ನೀಳವಾಗಿ ಚಾಚಿ ಮುಷ್ಟಿ ಬಿಗಿದು, ಚಿತ್ತೆಯಿಂದ ನೇರ ಕೆಳಕ್ಕೆ ಒಂದರಡಿಗೊಂದರಂತೆ ಮೂರೂವರೆ ಮುಷ್ಟಿ ಅಳೆಯಬೇಕು. ಒಂದು ಮುಷ್ಟಿ ಎಂದರೆ ಸುಮಾರು ಹತ್ತು ಡಿಗ್ರಿ. ಅಲ್ಲಿ, ದಿಗಂತದಿಂದ 28 ಡಿಗ್ರಿ ಮೇಲೆ, ಒದ್ದೆ ಬೆರಳಲ್ಲಿ ಒರೆಸಿದ ಹಾಗೆ ಮಸುಕಾದ ಒಂದು ಚುಕ್ಕಿ. ಅದೇ ಒಮೆಗಾ ಸೆಂಟಾರಿ.

ಹಳಬರು ಅದನ್ನು ನಕ್ಷತ್ರವೆಂದೇ ತಿಳಿದಿದ್ದರು. ಟಾಲೆಮಿಯ ಪಟ್ಟಿಯಲ್ಲೂ ಅದು ನಕ್ಷತ್ರವೇ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿಗೆ ಇದು ನಕ್ಷತ್ರವಲ್ಲ, ಇನ್ನೇನೋ ಎಂದು ಹೊಳೆಯಿತು. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಉಂಡೆ ಕಟ್ಟಿಕೊಂಡಿರುವ ಗೋಳಗುಚ್ಛ ಇದು. ಆಕಾಶದಲ್ಲಿ ಇದರ ಹರವು ಹುಣ್ಣಿಮೆ ಚಂದ್ರನಷ್ಟು. ಲಂಡನ್ನಿನಲ್ಲಿ ಇದು ಹುಟ್ಟುವುದೇ ಇಲ್ಲ. ಉತ್ತರದವರು ಬರೆದ ಕೈಪಿಡಿಗಳನ್ನೇ ನಂಬಿ ವರ್ಷಗಟ್ಟಲೆ ಉತ್ತರ, ಪೂರ್ವಗಳನ್ನು ತಡಕಿದವನು ನಾನು. ನಮ್ಮ ಸಂಪತ್ತು ದಕ್ಷಿಣದ ತಗ್ಗಿನಲ್ಲಿದೆ. ಹೊಸದಾಗಿ ನೋಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ದಕ್ಷಿಣಕ್ಕೆ ಮರ, ಗೋಡೆ, ಬೀದಿದೀಪ ಇಲ್ಲದ ಜಾಗ ಹುಡುಕಿ, ದುರ್ಬೀನು ಆಮೇಲೆ.

ದುರ್ಬೀನಿನ ಆಯ್ಕೆಯಲ್ಲೂ ನಮ್ಮ ಅಕ್ಷಾಂಶದ್ದೇ ಮಾತು. ಭೂಮಿ ತಿರುಗಿದಂತೆ ತಾನೂ ತಿರುಗಿ ನಕ್ಷತ್ರವನ್ನು ಹಿಂಬಾಲಿಸುವ ಸ್ಟ್ಯಾಂಡುಗಳನ್ನು ಧ್ರುವನಕ್ಷತ್ರಕ್ಕೆ ಗುರಿಯಿಟ್ಟು ಹೂಡಬೇಕು. ಹಿರಿಯೂರಿನಲ್ಲಿ ಧ್ರುವ ಇರುವುದು ಬರೀ ಹದಿನಾಲ್ಕು ಡಿಗ್ರಿ ಎತ್ತರದಲ್ಲಿ, ಅಕ್ಕನ ತೆಂಗಿನಮರಗಳ ಹಿಂದೆ. ಫೋಟೊ ತೆಗೆಯುವವರಿಗೆ ಆ ಕಷ್ಟ ಅನಿವಾರ್ಯ. ಕಣ್ಣಲ್ಲೇ ನೋಡುವ ನನ್ನಂಥವರಿಗೆ ಡಾಬ್ಸೋನಿಯನ್ ಸಾಕು: ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂತ ಕೊಳವೆ, ಕೈಯಲ್ಲಿ ತಳ್ಳಿದತ್ತ ಹೋಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಇದನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದರು. 1967ರಲ್ಲಿ ಮಠ ಬಿಟ್ಟ ಮೇಲೆ ಫುಟ್‌ಪಾತಿನಲ್ಲಿ ದುರ್ಬೀನು ಇಟ್ಟುಕೊಂಡು ಹಾದು ಹೋಗುವವರನ್ನೆಲ್ಲ ಕರೆದು ಆಕಾಶ ತೋರಿಸಿದರು. ಪೆಟ್ಟಿಗೆಯ ಮೇಲೆ ಕೈಯಿಟ್ಟಾಗಲೆಲ್ಲ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕುತ್ತದೆ.

ನನ್ನ ಮೊದಲ ದುರ್ಬೀನಿನ ಡಬ್ಬದ ಮೇಲೆ 525 ಪಟ್ಟು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಸೂರ 60 ಮಿಲಿಮೀಟರಿನದು. 120 ಪಟ್ಟು ದಾಟಿದರೆ ಅದರಲ್ಲಿ ಮಂಜಲ್ಲದೆ ಬೇರೇನೂ ಕಾಣದು. ಕಾಲುಗಳೋ, ಉಸಿರು ಬಿಟ್ಟರೂ ನಡುಗುತ್ತಿದ್ದವು. ಪಟ್ಟು ಎಷ್ಟು ಎಂದು ಕೇಳಬಾರದು, ಬಾಯಿ ಎಷ್ಟು ಅಗಲ ಎಂದು ಕೇಳಬೇಕು. ಈಗಿನದರ ಕನ್ನಡಿ ಎಂಟು ಅಂಗುಲ, ಕತ್ತಲಲ್ಲಿ ಅರಳಿದ ಕಣ್ಣಪಾಪೆಗಿಂತ ಎಂಟುನೂರು ಪಟ್ಟು ಹೆಚ್ಚು ಬೆಳಕು ಹೀರುತ್ತದೆ. ಅದರ ಸಂಗಮ ದೂರ 1200 ಮಿಲಿಮೀಟರ್. 30 ಮಿಲಿಮೀಟರಿನ ಐಪೀಸ್ ಹಾಕಿದರೆ 40 ಪಟ್ಟು. ಹುಡುಕುವುದಕ್ಕೂ, ಒಮೆಗಾವನ್ನು ಸುತ್ತಲಿನ ಕತ್ತಲೆಯ ಸಮೇತ ನೋಡುವುದಕ್ಕೂ ಅದೇ ಸರಿ. 10 ಮಿಲಿಮೀಟರಿನದಕ್ಕೆ ಬದಲಿಸಿದರೆ 120 ಪಟ್ಟು. ಆಗ ಹೊಗೆಯಂತಿದ್ದದ್ದು ಕಾಳುಕಾಳಾಗಿ ಒಡೆಯುತ್ತದೆ. ಹಣ ಕಡಿಮೆಯಿದ್ದವರು ಒಂದು 10x50 ಬೈನಾಕ್ಯುಲರ್ ಕೊಂಡು ಎರಡು ಬೇಸಿಗೆ ನೋಡಲಿ. ಅದು ಎಂದೂ ದಂಡವಾಗುವುದಿಲ್ಲ. ನನ್ನದು ಈಗಲೂ ಕುತ್ತಿಗೆಯಲ್ಲಿರುತ್ತದೆ.

ಹೊತ್ತು ಮುಳುಗುವಾಗಲೇ ಕೊಳವೆಯನ್ನು ಅಂಗಳಕ್ಕೆ ತಂದಿಡುತ್ತೇನೆ. ಹಗಲಿನ ಕಾವು ಕನ್ನಡಿಯಲ್ಲಿ ಉಳಿದಿದ್ದರೆ ನಕ್ಷತ್ರಗಳು ಕಾದ ಹೆಂಚಿನ ಮೇಲಿನ ಗಾಳಿಯಲ್ಲಿ ಕಂಡಂತೆ ಕುಣಿಯುತ್ತವೆ. ತಣಿಯಲು ಒಂದು ಗಂಟೆ ಬಿಡಬೇಕು. ಕಾರಿನ ಕುಲುಕಾಟಕ್ಕೆ ಕನ್ನಡಿಗಳು ಸಾಲು ತಪ್ಪಿರುತ್ತವೆ, ತಿರುಪು ತಿರುವಿ ಸರಿಪಡಿಸಿಕೊಳ್ಳಬೇಕು. ಈ ಕೆಲಸ ನನಗೆ ವೀಣೆಯ ಶ್ರುತಿ ಮಾಡಿದಷ್ಟು ಇಷ್ಟ. ಧೂಳು ಕೂತಿದೆಯೆಂದು ಮಾತ್ರ ಕನ್ನಡಿಯನ್ನು ಒರೆಸಬಾರದು. ತೆಳು ಅಲ್ಯೂಮಿನಿಯಂ ಲೇಪಕ್ಕೆ ಗೀರು ಬಿದ್ದರೆ ಮತ್ತೆ ಹೋಗದು, ಧೂಳಿನಿಂದ ಆಗುವ ನಷ್ಟ ಅಲ್ಪ. ನಮ್ಮ ನಿಜವಾದ ಶತ್ರು ಮಳೆಗಾಲದ ಬೂಷ್ಟು. ಇಬ್ಬನಿ ಕೂತ ಗಾಜಿಗೆ ಮುಚ್ಚಳ ಹಾಕದೆ, ಪೂರ್ತಿ ಆರಿದ ಮೇಲೆಯೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡುತ್ತೇನೆ.

ಕಣ್ಣಿಗೂ ಸಮಯ ಬೇಕು. ಕತ್ತಲಿಗೆ ಒಗ್ಗಲು ಅರ್ಧ ಗಂಟೆ. ಒಂದು ಸಲ ಮೊಬೈಲು ಬೆಳಗಿದರೆ ಅಷ್ಟೂ ಹೋಯಿತು. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿಕೊಳ್ಳುತ್ತೇನೆ. ಅಕ್ಕ ಅಂಗಳದ ದೀಪ ಆರಿಸುತ್ತಾಳೆ.

ಹೋದ ವರ್ಷ ಅಕ್ಕನ ಅತ್ತೆ ನಿದ್ದೆ ಬಾರದೆ ಹೊರಗೆ ಬಂದರು. ಸ್ಟೂಲು ಹಾಕಿ ಕೂರಿಸಿ, ಕೊಳವೆ ಹಿಡಿಯದೆ ನೋಡಿ ಅಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, “ನವಣೆ ಚೆಲ್ಲಿದಂಗೈತಲ್ಲಪ್ಪ,” ಅಂದರು. “ನಡುವೆ ರಾಶಿ, ಅಂಚಿಗೆ ಉದುರು.” ಗುಚ್ಛದ ನಡುವಿನ ದಟ್ಟಣೆ, ಅಂಚಿನ ವಿರಳತೆ, ಮಾಗಿದ ನಕ್ಷತ್ರಗಳ ತಿಳಿಹಳದಿ ಎಲ್ಲವೂ ಆ ಮಾತಿನಲ್ಲಿ ಸರಿಯಾಗಿ ಕೂತಿದ್ದವು. ನನ್ನ ವೀಕ್ಷಣೆಯ ನೋಟ್‌ಬುಕ್ಕಿನಲ್ಲಿ ಅದನ್ನು ಹಾಗೇ ಬರೆದುಕೊಂಡೆ.

ಅವರು ಒಳಹೋದ ಮೇಲೆ ಕೊಳವೆಯನ್ನು ನಾಲ್ಕೂವರೆ ಡಿಗ್ರಿ ಮೇಲಕ್ಕೆ ತಳ್ಳಿದೆ. ಅಲ್ಲಿ ಸೆಂಟಾರಸ್ ಎ ಎಂಬ ಗೆಲಾಕ್ಸಿ ಇದೆ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅದನ್ನು ದಿಟ್ಟಿಸಿದರೆ ಮಾಯ, ಪಕ್ಕಕ್ಕೆ ಕಣ್ಣು ಹೊರಳಿಸಿದರೆ ಮೂಡುತ್ತದೆ. ಮಂದ ಬೆಳಕು ಹಿಡಿಯುವ ಜೀವಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಹಾಗೆ ಓರೆಗಣ್ಣಲ್ಲಿ ಕಾದು, ಬೆಳಕಿನ ಉಂಡೆಯ ನಡುವೆ ಹಾಯುವ ಕಪ್ಪು ಪಟ್ಟಿ ಮೂರು ಸಲ ಕಂಡಿತು.

ಎರಡು ಗಂಟೆಗೆ ಪಶ್ಚಿಮದಲ್ಲಿ ಮಿಂಚಿತು. ಭರಣಿ ಮಳೆ. ಮಳೆಗೆ ಹೆಸರು ಕೊಟ್ಟ ಭರಣಿ ಆಗ ಕಾಣುವುದಿಲ್ಲ. ಸೂರ್ಯ ಅದರಲ್ಲೇ ಇರುತ್ತಾನೆ. ಕೊಳವೆಯನ್ನು ಕೊಟ್ಟಿಗೆಗೆ ಸೇರಿಸಿ ಬೆರಳು ಮಡಿಸಿ ಲೆಕ್ಕ ಹಾಕಿದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತವೆ, ತಿಂಗಳಿಗೆ ಎರಡು ಗಂಟೆ. ವೈಶಾಖದ ಅಮಾವಾಸ್ಯೆಗೆ ಒಮೆಗಾ ಒಂಬತ್ತಕ್ಕೋ ಹತ್ತಕ್ಕೋ ಅದೇ ಜಾಗದಲ್ಲಿರುತ್ತದೆ, ಮುಂಗಾರು ಅಷ್ಟು ದಿನ ತಡೆದರೆ. ಮಳೆ ತೊಳೆದ ಗಾಳಿಯಲ್ಲಿ ಅದು ಇನ್ನಷ್ಟು ಚೊಕ್ಕವಾಗಿ ಕಾಣುತ್ತದೆ.