ಹಲ್ಲು ಕಾಣಿಸದ ನಗು

ಫ್ಯಾಷನ್ ಪತ್ರಿಕೆಗಳನ್ನು ನಮ್ಮಂಥ ಊರಿನ ಹೆಂಗಸರು ದುಡ್ಡು ಕೊಟ್ಟು ಕೊಳ್ಳುವುದು ಅಪರೂಪ. ದಂತವೈದ್ಯರಲ್ಲಿ ಸರದಿಗಾಗಿ ಕಾಯುವಾಗಲೋ, ಬ್ಯೂಟಿ ಪಾರ್ಲರಿನ ಬೆಂಚಿನ ಮೇಲೆ ಕೂತಾಗಲೋ ಅಂಚು ಮುದುಡಿದ ಹಳೆಯ ಸಂಚಿಕೆಯೊಂದು ಕೈಗೆ ಸಿಗುತ್ತದೆ. ಪುಟ ತಿರುವುತ್ತೇವೆ. ‘ಇದನ್ನು ತೊಟ್ಟುಕೊಂಡು ಇವರು ಹೋಗುವುದಾದರೂ ಎಲ್ಲಿಗಪ್ಪಾ’ ಎಂದು ನಗುತ್ತೇವೆ. ಆದರೂ ಕಣ್ಣು ಕೀಳುವುದಿಲ್ಲ. ನಮ್ಮನ್ನು ಹಾಗೆ ಹಿಡಿದು ನಿಲ್ಲಿಸುವುದು ಬಟ್ಟೆಯೋ, ಬಟ್ಟೆಯೊಳಗಿನ ಹೆಣ್ಣೋ?

ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾದದ್ದು ಒಂದು ಹಳೆಯ ಕಪ್ಪು ಬಿಳುಪು ಚಿತ್ರ ನೋಡಿದಾಗ. ಅಮೆರಿಕದ ರಿಚರ್ಡ್ ಅವೆಡಾನ್ 1955ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಸರ್ಕಸ್ಸೊಂದರಲ್ಲಿ ತೆಗೆದದ್ದು. ಆನೆಗಳ ನಡುವೆ ನೀಳವಾದ ಹೆಣ್ಣೊಬ್ಬಳು ಕೈ ಚಾಚಿ ನಿಂತಿದ್ದಾಳೆ. ಕಪ್ಪು ಉಡುಪು, ಸೊಂಟದಿಂದ ನೆಲದವರೆಗೂ ಇಳಿಬಿದ್ದ ಬಿಳಿ ರೇಷ್ಮೆಯ ಪಟ್ಟಿ. ಡಿಯೋರ್ ಸಂಸ್ಥೆಗಾಗಿ ಆ ಉಡುಪನ್ನು ರೂಪಿಸಿದವನು ಆಗಿನ್ನೂ ಹುಡುಗನಾಗಿದ್ದ ಈವ್ ಸ್ಯಾಂ ಲೋರಾಂ. ಚಿತ್ರ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಸರೆಯ ಆನೆಗಳನ್ನು ನೋಡಿ ಬೆಳೆದ ನಮ್ಮ ಕಣ್ಣು ಮೊದಲು ಹೋಗುವುದು ಕಾಲಿಗೆ. ಆ ಆನೆಗಳ ಕಾಲಲ್ಲಿ ಸರಪಳಿ ಇದೆ. ಅದನ್ನು ಕಂಡ ಮೇಲೆ ರೇಷ್ಮೆಯ ಪಟ್ಟಿಯೂ ನನಗೆ ಬೇರೆಯಾಗಿ ಕಾಣತೊಡಗಿತು.

ಅವಳ ಹೆಸರು ಡೊವಿಮಾ. ಡೊರೊತಿ, ವರ್ಜಿನಿಯಾ, ಮಾರ್ಗರೆಟ್ ಎಂಬ ತನ್ನದೇ ಮೂರು ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಹೆಸರು. ಬಾಲ್ಯದ ಎಷ್ಟೋ ವರ್ಷಗಳನ್ನು ಕಾಯಿಲೆಯ ಹಾಸಿಗೆಯಲ್ಲೇ ಕಳೆದವಳು. ಮುಂದೆ ಗಂಟೆಗೆ 60 ಡಾಲರ್ ಪಡೆಯುವಷ್ಟು ಬೇಡಿಕೆಯ ರೂಪದರ್ಶಿಯಾದಳು. ಅಮ್ಮನ ಬಟ್ಟೆ ತೊಟ್ಟು ಆಡುವಾಗ ಬಿದ್ದು ಮುಂದಿನ ಹಲ್ಲು ಮುರಿದಿತ್ತಂತೆ, ಅದಕ್ಕೇ ತುಟಿ ಬಿಚ್ಚದೆ ನಗುತ್ತಿದ್ದಳಂತೆ. ಜಗತ್ತು ಆ ನಗುವನ್ನು ಮೋನಾಲಿಸಾಳ ನಗು ಎಂದು ಮೆಚ್ಚಿಕೊಂಡಿತು. ಕೊನೆಯ ವರ್ಷಗಳಲ್ಲಿ ಅವಳು ಫ್ಲಾರಿಡಾದ ಪೀಟ್ಸಾ ಹೋಟೆಲೊಂದರಲ್ಲಿ ಗಿರಾಕಿಗಳನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದಳು. 1990ರಲ್ಲಿ ತೀರಿಕೊಂಡಳು. 2010ರಲ್ಲಿ ಆ ಆನೆಗಳ ಚಿತ್ರದ ಒಂದು ದೊಡ್ಡ ಪ್ರತಿ ಪ್ಯಾರಿಸ್ಸಿನ ಹರಾಜಿನಲ್ಲಿ 8,41,000 ಯೂರೋಗಳಿಗೆ ಮಾರಾಟವಾಯಿತು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಚಿತ್ರ ತೆಗೆದವನದು, ಬಟ್ಟೆ ಹೊಲಿದವರದು, ನಿಂತವಳದು ನಿಂತ ಗಂಟೆಗಳ ಕೂಲಿ. ಲೆಕ್ಕ ಸರಿಯಾಗಿಯೇ ಇದೆ. ಆದರೂ ನೋಡುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ.

ಅದು ಯಾಕೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಂಡವರಿಗೆಲ್ಲ ಅದು ಗೊತ್ತು. ನನ್ನದನ್ನು ತೆಗೆದ ಸ್ಟುಡಿಯೋದಲ್ಲಿ ಹಿಂದೆ ಬೃಂದಾವನದ ಕಾರಂಜಿ ಬರೆದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಫೋಟೋದವರು ಎರಡು ಬೆರಳಿನಿಂದ ಗದ್ದ ತಿರುಗಿಸಿ, ‘ಹಲ್ಲು ಕಾಣಬಾರದಮ್ಮ, ಸ್ವಲ್ಪ ನಗು’ ಎಂದರು. ಸೀರೆ ಅತ್ತಿಗೆಯದು, ಸರ ಚಿಕ್ಕಮ್ಮನದು. ಆ ಫೋಟೋದ ಪ್ರತಿಗಳು ಲಕೋಟೆಯಲ್ಲಿ ಎಷ್ಟು ಊರು ಸುತ್ತಿ ಬಂದವೋ! ಅದರಲ್ಲಿದ್ದವಳು ಚೆಂದವಾಗಿಯೇ ಇದ್ದಳು. ಆದರೆ ಅವಳು ನಾನಾಗಿರಲಿಲ್ಲ.

ಹೀಗಿರುವಾಗ ನಮ್ಮ ಬೆಂಗಳೂರಿನವರೇ ಆದ ಕಲಾವಿದೆ ಎನ್. ಪುಷ್ಪಮಾಲಾ ಅವರ ಚಿತ್ರಗಳನ್ನು ಪುಸ್ತಕವೊಂದರಲ್ಲಿ ಕಂಡೆ. ಬರೋಡಾದಲ್ಲಿ ಶಿಲ್ಪ ಕಲಿತವರು, ಆಮೇಲೆ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡವರು. 2000ದಿಂದ 2004ರವರೆಗೆ, ಬೆಂಗಳೂರಿನಲ್ಲಿ ನೆಲೆಸಿದ್ದ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರ ಜೊತೆ ಸೇರಿ ದಕ್ಷಿಣ ಭಾರತದ ಹೆಣ್ಣುಗಳ ಒಂದು ಮಾಲೆಯನ್ನೇ ಮಾಡಿದರು. ನಾವು ಎಲ್ಲೋ ನೋಡಿರುವ ಹೆಣ್ಣುಗಳೇ ಎಲ್ಲರೂ. ರವಿವರ್ಮನ ಲಕ್ಷ್ಮಿ, ಅವನದೇ ಬೆಳದಿಂಗಳ ಹೆಣ್ಣು, ಬಿಜಾಪುರದ ಪುಟ್ಟ ಚಿತ್ರದ ಯೋಗಿನಿ, ತಮಿಳು ಸಿನಿಮಾದ ಚಾವಟಿ ಹಿಡಿದ ನಾಯಕಿ, ಪತ್ರಿಕೆಯಲ್ಲಿ ಬಂದಿದ್ದ ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳಿ. ಬ್ರಿಟಿಷರ ಕಾಲದವರು ಮೈಯಳತೆ ತೆಗೆಯಲೆಂದು ಚೌಕುಳಿ ಪರದೆಯ ಮುಂದೆ ನಿಲ್ಲಿಸಿದ ಬುಡಕಟ್ಟಿನ ಹೆಣ್ಣೂ ಇದ್ದಾಳೆ. ಎಲ್ಲರೂ ಪುಷ್ಪಮಾಲಾ ಅವರೇ!

ಮೊದಲು ನಗು ಬಂತು, ಶಾಲೆಯ ವೇಷದ ಸ್ಪರ್ಧೆ ನೆನಪಾಯಿತು. ನಗು ನಿಂತ ಮೇಲೆ ಲಕ್ಷ್ಮಿಯನ್ನೇ ನೋಡುತ್ತ ಕೂತೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದಿಂದ ಮನೆಮನೆಗೆ ಬಂದ ದೇವಿ, ನಮ್ಮಜ್ಜಿ ದಿನವೂ ಕುಂಕುಮ ಇಡುತ್ತಿದ್ದ ದೇವಿ. ಇಲ್ಲಿ ನೋಡಿದರೆ ದೇವಿಯ ಮುಖದಲ್ಲಿ ನಮ್ಮ ಪಕ್ಕದ ಮನೆಯವರಂಥ ಒಬ್ಬ ಹೆಂಗಸು! ಹಿಂದಿನದು ಬಣ್ಣ ಬಳಿದ ಪರದೆ, ಕಿರೀಟ ಕಟ್ಟಿಕೊಂಡದ್ದು. ಅದನ್ನು ಅವರು ಮುಚ್ಚಿಡುವುದಿಲ್ಲ. ಈ ಚಿತ್ರಗಳನ್ನು ಹೇಗೆ ಮಾಡಿದರು ಎಂಬುದರ ಫೋಟೋಗಳೂ ಮಾಲೆಯಲ್ಲಿವೆ. ಗುಂಡಿ ಒತ್ತಿದ್ದು ಬೇರೆಯವರೇ ಇರಬಹುದು, ಆದರೆ ಯಾರಾಗಬೇಕು, ಹೇಗೆ ನಿಲ್ಲಬೇಕು ಎಂದು ಗೊತ್ತು ಮಾಡಿದವಳು ನಿಂತವಳೇ. ಅಳತೆಯ ಪರದೆಯ ಮುಂದೆಯೂ ಅವಳು ತಾನೇ ಬಂದು ನಿಂತಿದ್ದಾಳೆ, ಯಾರೂ ತಂದು ನಿಲ್ಲಿಸಿಲ್ಲ. ಆ ಒಂದು ವ್ಯತ್ಯಾಸ ಹಳೆಯ ಚಿತ್ರಗಳನ್ನೆಲ್ಲ ಹೊಸದಾಗಿ ನೋಡುವಂತೆ ಮಾಡುತ್ತದೆ. ಹಾಗಾದರೆ ಮೊದಲು ಅಲ್ಲಿ ನಿಂತಿದ್ದವಳನ್ನು ಯಾರಾದರೂ ಕೇಳಿದ್ದರೇ ಎಂದು ಮನಸ್ಸು ಕೆದಕುತ್ತದೆ.

ಕಲೆ ಎಂದರೆ ನಮಗೆ ದೂರದ್ದು, ದೊಡ್ಡ ಊರಿನವರದು ಎಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಆದರೆ ಪರದೆಯ ಮುಂದೆ ನಿಲ್ಲುವ ವಿಷಯದಲ್ಲಿ ನಮಗಿಂತ ಅನುಭವಸ್ಥರು ಯಾರಿದ್ದಾರೆ? ಈಗಿನ ಹುಡುಗಿಯರ ಕೈಯಲ್ಲೇ ಕ್ಯಾಮೆರಾ ಇದೆ, ದಿನಕ್ಕೆ ಹತ್ತು ಸಲ ತಮ್ಮನ್ನು ತಾವೇ ತೆಗೆದುಕೊಳ್ಳುತ್ತಾರೆ. ನೋಡಿ ಸಂತೋಷವೇ ಆಗುತ್ತದೆ. ಆದರೂ ಕ್ಯಾಮೆರಾ ಎತ್ತಿದೊಡನೆ ಒಂದೇ ಬದಿಗೆ ವಾಲುವ ಕತ್ತು, ಕೂಡಿಕೊಳ್ಳುವ ತುಟಿ ಕಂಡಾಗ, ಆ ಎರಡು ಬೆರಳು ಇನ್ನೂ ಎಲ್ಲೋ ಗದ್ದವನ್ನು ತಿರುಗಿಸುತ್ತಿವೆಯೇನೋ ಅನ್ನಿಸುತ್ತದೆ. ಆಗ ನಾನು, ‘ಹಲ್ಲು ಕಾಣಲಿ ಬಿಡೇ, ಜೋರಾಗಿ ನಗು’ ಎಂದು ಹೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು, ‘ಹಾಗೆ ನಕ್ಕರೆ ಫೋಟೋ ಚೆನ್ನಾಗಿ ಬರಲ್ಲ ಆಂಟಿ’ ಎನ್ನುತ್ತಾರೆ.