ಕುಡಚಿ ಬದನೆಯ ಬೀಜ

ಖಾನಾಪುರದ ನಮ್ಮ ದೊಡ್ಡವ್ವ ಬೆಳಗಾವಿಯ ಪೇಟೆಗೆ ಬಂದರೆ ಕುಡಚಿ ಬದನೆಕಾಯಿಯನ್ನಷ್ಟೇ ಆರಿಸುತ್ತಿದ್ದಳು. ಮಿಕ್ಕವು ಎಣ್ಣೆಗಾಯಿಗೆ ಸಲ್ಲವೆಂಬುದು ಅವಳ ತೀರ್ಪು. ಹಿತ್ತಲಲ್ಲೂ ಬೆಳೆಸಿ, ಹಣ್ಣಾದೊಂದರ ಬೀಜ ತೊಳೆದು, ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಡುತ್ತಿದ್ದಳು.

ನಮ್ಮ ಜಿಲ್ಲೆಯ ಆ ತಳಿಯನ್ನೂ, ಉಡುಪಿಯದನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿ.ಟಿ. ಬದನೆ ಮಾಡಿತು. ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿದರೆ ಕಾಯಿಕೊರಕ ಹುಳು ಸಾಯುತ್ತದೆ. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿತು. ಮಂತ್ರಿ ಜೈರಾಮ್ ರಮೇಶ್ ಅಷ್ಟಕ್ಕೇ ಬಿಡದೆ ಏಳು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಒಂದು ಕೈಯಿಂದ ಬೆಳೆಸಿದ ಸರಕಾರ ಇನ್ನೊಂದು ಕೈಯಿಂದ ತಡೆಯಿತು, ತಪ್ಪೆನ್ನಲಾರೆ. ಆದರೆ ಏಳರಲ್ಲಿ ನಮ್ಮ ಪಾಲಿಗೆ ಬಂದದ್ದು ಬೆಂಗಳೂರು, ಇಲ್ಲಿಂದ ಒಂದು ರಾತ್ರಿಯ ರೈಲು.

ಪತ್ರಿಕೆ ಓದಿ ಹೇಳಿದೆ. ದೊಡ್ಡವ್ವ ಹುಳದ ಸುದ್ದಿಗೇ ಹೋಗಲಿಲ್ಲ. "ತಮ್ಮಾ, ಅದರ ಬೀಜಾ ಹಿಡದಿಡಾಕ ಬರ್ತೈತೇನು?"

ಉತ್ತರ ಗೊತ್ತಿರಲಿಲ್ಲ. ವಿಚಾರಿಸಿದೆ: ವಿಶ್ವವಿದ್ಯಾಲಯದ ತಳಿಯಾದರೆ ಬರುತ್ತಿತ್ತು; ಕಂಪನಿಯ ಹೈಬ್ರಿಡ್ಡಾದರೆ ವರ್ಷವರ್ಷ ಕೊಳ್ಳಬೇಕು. ಮುಂದಿನ ಸಲ ಹೋದಾಗ ಹೇಳಿದೆ. ಅವಳು ಬುಟ್ಟಿಯಿಂದ ಒಂದು ಬದನೆಕಾಯಿ ಎತ್ತಿ, ತೊಟ್ಟಿನ ಸುತ್ತ ತಿರುಗಿಸಿ ನೋಡಿದಳು.

"ಯಾವುದು ಯಾರದಂತ ಕಾಯಿ ಮ್ಯಾಲ ಬರದಿರತೈತೇನೊ?"